ಗಾಯ ಮಾಯಿತು, ದಿಗಿಲು ಮಾಯಲಿಲ್ಲ: ರಸ್ತೆ ಬದಿಯ ಅಪಘಾತದ ನಂತರ ಒಂದು ಕುದುರೆ, ಅದರ ಒಡತಿ

ಈ ಪ್ರಕರಣದಲ್ಲಿ ಏಟು ಬಿದ್ದದ್ದು ಇಬ್ಬರಿಗೆ. ಹನ್ನೊಂದು ವರ್ಷದ ಒಂದು ಹೆಣ್ಣು ಕುದುರೆಗೆ, ಆರು ವರ್ಷದಿಂದ ಅದರ ಮೇಲೆ ಸವಾರಿ ಮಾಡುತ್ತಿದ್ದ ಅದರ ಒಡತಿಗೆ. ಕುದುರೆಯ ಮಂಡಿಯ ಗಾಯ ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಎಲ್ಲರೂ ಅದನ್ನೇ ನೋಡುತ್ತಾ ಕೂತರು. ಗಾಯ ಎಷ್ಟು ಕೂಡಿಕೊಂಡಿದೆ ಎಂಬುದರ ಮೇಲೆಯೇ ಕುದುರೆಯ ದಿಗಿಲು ಎಷ್ಟು ಇಳಿದಿದೆ, ಒಡತಿಯ ಧೈರ್ಯ ಎಷ್ಟು ಮರಳಿದೆ ಅಂತ ಲೆಕ್ಕ ಹಾಕಿದರು. ಆ ಲೆಕ್ಕ ತಪ್ಪಿದಾಗಲೆಲ್ಲ ಕೆಲಸ ಹಿಂದಕ್ಕೆ ಹೋಯಿತು. ಕುದುರೆಯನ್ನು ಮತ್ತೆ ಸವಾರಿಗೆ ತಯಾರು ಮಾಡಲು ಜೊತೆಗಿದ್ದವನು ನಾನು. ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇನೆ.

ಏನಾಯಿತು

ದಿನಾ ಹೋಗುತ್ತಿದ್ದ ರಸ್ತೆ ಅದು. ಬೆಳಗಿನ ಹೊತ್ತು, ಕುದುರೆ ಸುಮ್ನೆ ನಡೆಯುತ್ತಿತ್ತು. ಹಿಂದಿನಿಂದ ಒಂದು ಲಾರಿ ಬಂತು. ಅದರ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಚಾಲಕ ಕುದುರೆಯನ್ನು ನೋಡಿ ವೇಗ ಇಳಿಸಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಬ್ರೇಕ್ ಹಾಕಿದ್ದು ಕುದುರೆಯ ಪಕ್ಕಕ್ಕೆ ಬಂದ ಮೇಲೆ. ಏರ್ ಬ್ರೇಕ್ ಕುದುರೆಯ ಕಿವಿಯ ಬುಡದಲ್ಲೇ ಬುಸ್ಸೆಂದಿತು.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದೆ ಉಳಿಯುವುದರಲ್ಲಿ ಒಂದು ಜಾಗ ಮೂತಿಯ ಮುಂದೆ, ಇನ್ನೊಂದು ಬೆನ್ನ ಹಿಂದೆ. ಬೆನ್ನ ಹಿಂದಿನಿಂದ ಬಂದದ್ದು ಕಣ್ಣಿನ ಅಂಚಿಗೆ ದಿಢೀರನೆ ಸಿಕ್ಕಿದರೆ ಕುದುರೆ ವಿಚಾರ ಮಾಡುತ್ತಾ ನಿಲ್ಲುವುದಿಲ್ಲ. ಮೊದಲು ಜಿಗಿಯುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಓಡಿ ಉಳಿದ ಪ್ರಾಣಿ ಅದು. ಈ ಕುದುರೆಯೂ ಪಕ್ಕಕ್ಕೆ ಜಿಗಿಯಿತು. ಪಕ್ಕದಲ್ಲಿ ಒಣ ಚರಂಡಿ. ಹಿಂಗಾಲುಗಳು ಅದರೊಳಗೆ ಇಳಿದವು. ಹೊರಗೆ ಬರಲು ಒದ್ದಾಡುವಾಗ ಮುಂಗಾಲಿನ ಲಾಳಗಳು ಡಾಂಬರಿನ ಮೇಲೆ ಜಾರಿದವು. ಎರಡೂ ಮಂಡಿ ನೆಲಕ್ಕೆ ಬಡಿದು, ಒಂದಿಷ್ಟು ದೂರ ಉಜ್ಜಿಕೊಂಡು ಹೋದವು. ಒಡತಿ ಕುದುರೆಯ ಭುಜದ ಮೇಲಿನಿಂದ ಮುಂದಕ್ಕೆ ಬಿದ್ದರು, ಹೆಲ್ಮೆಟ್ ನೆಲಕ್ಕೆ ತಾಗಿತು.

ಕುದುರೆ ಎದ್ದು ನಿಂತು ಅಲ್ಲೇ ಗಡಗಡ ನಡುಗುತ್ತಿತ್ತು. ಯಾರೂ ಅದನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರೊಬ್ಬರು ಇಳಿದು ಎರಡೂ ಕಡೆಯ ವಾಹನ ನಿಲ್ಲಿಸಿದರು. ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರ ಅದೇ ಅಂತ ನನಗೆ ಅನಿಸುತ್ತದೆ. ಆ ಹೊತ್ತಿಗೆ ಕುದುರೆ ರಸ್ತೆಗೆ ಓಡಿದ್ದರೆ ಈ ಬರಹದ ಉಳಿದ ಭಾಗವೇ ಇರುತ್ತಿರಲಿಲ್ಲ.

ಮೊದಲ ಒಂದು ಗಂಟೆ

ಎಡ ಮಂಡಿಯಿಂದ ರಕ್ತ ಸುರಿಯುತ್ತಿತ್ತು. 500 ಕಿಲೋ ತೂಕದ ಕುದುರೆಯ ಮೈಯಲ್ಲಿ ಸುಮಾರು 40 ಲೀಟರ್ ರಕ್ತ ಇರುತ್ತದೆ. ಒಂದೆರಡು ಲೀಟರ್ ರಸ್ತೆಗೆ ಚೆಲ್ಲಿದರೆ ನೋಡಿದವರ ಜೀವ ಹೋಗುತ್ತದೆ, ಕುದುರೆಯ ಜೀವ ಹೋಗುವುದಿಲ್ಲ. ಒಡತಿ ಶುಭ್ರ ಬಟ್ಟೆ ಮಡಚಿ ಒತ್ತಿ ಹಿಡಿದರು. ನೆರೆದವರಲ್ಲಿ ಒಬ್ಬರು ಗಾಯಕ್ಕೆ ಹಾಕಲು ಯಾವುದೋ ಪುಡಿ ತರಲು ಹೊರಟರು. ಒಡತಿ ಬೇಡ ಅಂದರು, ಅದು ಸರಿಯೇ. ಪುಡಿ, ಮುಲಾಮು, ಬಣ್ಣದ ಸ್ಪ್ರೇ ಏನೇ ಹಾಕಿದರೂ ಗಾಯದ ಆಳ ಮುಚ್ಚಿಹೋಗುತ್ತದೆ. ಆಮೇಲೆ ಅದನ್ನು ತೊಳೆದು ತೆಗೆಯುವುದೇ ಪಶುವೈದ್ಯರಿಗೆ ಒಂದು ಕೆಲಸ.

ಫೋನಿನಲ್ಲಿ ಪಶುವೈದ್ಯರು ಮೂರು ವಿಷಯ ಹೇಳಿದರು. ನಾನು ಬರುವ ತನಕ ನಡೆಸಬೇಡಿ. ಮನೆಯಲ್ಲಿರುವ ನೋವಿನ ಔಷಧಿ ಕೊಡಬೇಡಿ, ಕುಂಟು ಎಷ್ಟಿದೆ ಅಂತ ನನಗೆ ಕಾಣಬೇಕು. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ ಹೇಳಿ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಇದರದ್ದು 70 ದಾಟಿತ್ತು. ಅರ್ಧ ಗಂಟೆಯಲ್ಲಿ 50ರ ಆಸುಪಾಸಿಗೆ ಇಳಿಯಿತು. ಏರಿದ ನಾಡಿ ತಾನಾಗಿಯೇ ಇಳಿಯುತ್ತಿದೆ ಎಂದರೆ ಅದರಲ್ಲಿ ಗಾಬರಿಯ ಪಾಲು ಜಾಸ್ತಿ, ಒಳಗೆ ರಕ್ತ ಸೋರುತ್ತಿರುವ ಸಾಧ್ಯತೆ ಕಡಿಮೆ. ನಾಡಿ ಎಣಿಸುವ ಕೆಲಸ ಒಡತಿಯ ಕೈ ನಡುಕವನ್ನೂ ಸ್ವಲ್ಪ ತಡೆಯಿತು ಎಂಬುದು ಬೇರೆ ಮಾತು.

"ನಿಮ್ಮನ್ನು ಯಾರು ನೋಡಿದ್ರು?" ಅಂತ ಪಶುವೈದ್ಯರು ಬಂದ ಕೂಡಲೇ ಕೇಳಿದರು.

"ನನಗೇನೂ ಆಗಿಲ್ಲ ಡಾಕ್ಟ್ರೇ, ಅವಳನ್ನ ನೋಡಿ."

"ಅವಳನ್ನ ನೋಡೋಕೆ ನಾನಿದ್ದೀನಿ. ನೀವು ಆಸ್ಪತ್ರೆಗೆ ಹೋಗಿ."

ಸಂಜೆಗೆ ಅವರಿಗೆ ತಲೆನೋವು, ವಾಕರಿಕೆ, ಬೆಳಕು ಕಂಡರೆ ಆಗದ ಸ್ಥಿತಿ. ತಲೆಗೆ ಪೆಟ್ಟು ಬಿದ್ದಾಗ ಲಕ್ಷಣಗಳು ತಡವಾಗಿ ಬರುವುದು ಮಾಮೂಲಿ. ಮಿದುಳು ಅಲುಗಿದೆ, ಪೂರ್ತಿ ಸರಿಹೋಗುವ ತನಕ ಕುದುರೆ ಹತ್ತುವಂತಿಲ್ಲ ಅಂತ ಅಲ್ಲಿನ ವೈದ್ಯರು ಹೇಳಿದರು. ಸರಿಹೋಗುವ ಮೊದಲೇ ಎರಡನೇ ಪೆಟ್ಟು ಬಿದ್ದರೆ ಅದು ಮೊದಲನೆಯದಕ್ಕಿಂತ ಅಪಾಯ. ಹೆಲ್ಮೆಟ್ ಹೊರಗಿನಿಂದ ಒಂದು ಗೀರು ಬಿಟ್ಟರೆ ಚೆನ್ನಾಗಿಯೇ ಇತ್ತು. ಆದರೂ ಅದನ್ನು ಎಸೆಯಬೇಕಾಯಿತು. ಒಳಗಿನ ಗಟ್ಟಿ ನೊರೆಪದರ ಒಂದು ಸಲ ಅಮುಕಿಕೊಂಡು ಏಟು ತಾಳುತ್ತದೆ. ಎರಡನೇ ಸಲಕ್ಕೆ ಅದರಲ್ಲಿ ಸತ್ವ ಇರುವುದಿಲ್ಲ.

ಮಂಡಿ

ಬಲ ಮಂಡಿಯಲ್ಲಿ ತರಚು ಗಾಯ ಅಷ್ಟೇ. ಎಡ ಮಂಡಿಯಲ್ಲಿ ಅಂಗೈಯಗಲ ಚರ್ಮ ಕಿತ್ತು ಜೋತಾಡುತ್ತಿತ್ತು. ನೋಡಲು ಭಯಂಕರ. ಆದರೆ ಪಶುವೈದ್ಯರ ತಲೆಯಲ್ಲಿದ್ದ ಪ್ರಶ್ನೆ ಗಾಯ ಎಷ್ಟು ಅಗಲ ಎಂಬುದಲ್ಲ, ಕೀಲು ತೆರೆದುಕೊಂಡಿದೆಯೋ ಇಲ್ಲವೋ ಎಂಬುದು. ಕುದುರೆಯ ಮುಂಗಾಲ ಮಂಡಿ ಎಲುಬಿನ ಲೆಕ್ಕದಲ್ಲಿ ನಮ್ಮ ಮಣಿಕಟ್ಟಿಗೆ ಸಮ. ಸಣ್ಣ ಸಣ್ಣ ಎಲುಬುಗಳು ಎರಡು ಸಾಲಿನಲ್ಲಿ ಕೂತಿವೆ, ಅವುಗಳ ನಡುವೆ ಕೀಲಿನ ದ್ರವ ಇದೆ. ಅದರೊಳಗೆ ರಸ್ತೆಯ ಕೊಳೆ ಹೋಯಿತು ಎಂದರೆ ಗಂಟೆಗಳ ಲೆಕ್ಕದಲ್ಲಿ ಕೀಲನ್ನು ತೊಳೆಯಬೇಕು. ತಡವಾದರೆ ಕುದುರೆಯೇ ಉಳಿಯದಿರಬಹುದು. ತೊಡೆಯ ಮಾಂಸದಲ್ಲಿ ಗೇಣುದ್ದದ ಸೀಳು ಬಿದ್ದರೂ ಅನುಭವಿಗಳು ಅಷ್ಟು ಹೆದರುವುದಿಲ್ಲ. ಕೀಲಿನ ಹತ್ತಿರ ಕಡಲೆಕಾಳಿನಷ್ಟು ತೂತಾದರೆ ಹೆದರುತ್ತಾರೆ. ಗಾಯದಿಂದ ಹಳದಿ ಬಣ್ಣದ, ಬೆರಳಿಗೆ ಅಂಟಿ ಎಳೆಯುವ ತಿಳಿ ದ್ರವ ಬಂದರೆ ಒಂದು ನಿಮಿಷವೂ ಕಾಯಬಾರದು.

ಇಲ್ಲಿ ಪಶುವೈದ್ಯರು ಗಾಯದ ಸುತ್ತಲಿನ ಕೂದಲು ತೆಗೆದು, ಉಪ್ಪು ದ್ರಾವಣದಿಂದ ತೊಳೆದು, ಎಕ್ಸ್-ರೇ ತೆಗೆದರು. ಎಲುಬು ಬಿರುಕು ಬಿಟ್ಟಿರಲಿಲ್ಲ. ಆಮೇಲೆ ಗಾಯದಿಂದ ದೂರದ ಒಂದು ಶುಭ್ರ ಜಾಗದಿಂದ ಕೀಲಿನೊಳಗೆ ಸೂಜಿ ಇಳಿಸಿ ಶುದ್ಧ ದ್ರಾವಣ ತುಂಬಿದರು. ಅದು ಗಾಯದ ಕಡೆಯಿಂದ ಹೊರಬಂದರೆ ಕೀಲು ತೆರೆದಿದೆ ಅಂತ ಅರ್ಥ. ಬರಲಿಲ್ಲ. ಧನುರ್ವಾಯುವಿನ ಚುಚ್ಚುಮದ್ದು ಹಾಕಿದರು. ಆ ರೋಗಾಣು ಮಣ್ಣಿನಲ್ಲೇ ಇರುತ್ತದೆ, ಸಾಕುಪ್ರಾಣಿಗಳಲ್ಲಿ ಕುದುರೆಗೆ ಅದು ತಗಲುವುದು ಬಲು ಸುಲಭ.

ಹೊಲಿಗೆ ಹಾಕಿ, ಮಂಡಿ ಮಡಚದಂತೆ ಗೊರಸಿನಿಂದ ಮೊಣಕೈ ತನಕ ದಪ್ಪ ಪಟ್ಟಿ ಸುತ್ತಿ, ಹಿಂದೆ ಒಂದು ದಬ್ಬೆ ಕಟ್ಟಿದರು. ಮಂಡಿಯ ಹಿಂಭಾಗದಲ್ಲಿ ಒಂದು ಎಲುಬು ಉಬ್ಬಿಕೊಂಡಿದೆ. ಪಟ್ಟಿ ಅದರ ಮೇಲೆ ಒತ್ತಿದರೆ ಅಲ್ಲೇ ಹೊಸ ಹುಣ್ಣಾಗುತ್ತದೆ. ಅದಕ್ಕೆ ಆ ಜಾಗದಲ್ಲಿ ಪಟ್ಟಿಯನ್ನು ಕತ್ತರಿಸಿ ಕಿಂಡಿ ಬಿಟ್ಟರು. ಇದನ್ನು ಹೇಳುವುದಕ್ಕೆ ಕಾರಣ ಇದೆ. ಪಟ್ಟಿ ಕಟ್ಟಿ ಕಟ್ಟಿ ಮಾಡಿದ ಗಾಯವನ್ನು ಬೇರೆ ಲಾಯಗಳಲ್ಲಿ ನೋಡಿದ್ದೇನೆ.

ಎರಡನೇ ವಾರ ಹೊಲಿಗೆಯ ಅರ್ಧ ಭಾಗ ಬಿಟ್ಟುಕೊಂಡಿತು. ಒಡತಿ ಅತ್ತರು. ಪಶುವೈದ್ಯರಿಗೆ ಆಶ್ಚರ್ಯವೇ ಆಗಲಿಲ್ಲ. ಮಂಡಿಯ ಮುಂಭಾಗದ ಚರ್ಮ ಕಾಲು ಸ್ವಲ್ಪ ಮಡಚಿದರೂ ಬಿಗಿಯುತ್ತದೆ. ಅಲ್ಲಿಂದ ಕೆಳಗೆ ಕಾಲಿನಲ್ಲಿ ಮಾಂಸವೇ ಇಲ್ಲ, ಗಾಯ ಮಾಯುವುದು ನಿಧಾನ. ಉಳಿದದ್ದು ತೆರೆದುಕೊಂಡೇ ತಳದಿಂದ ತುಂಬಿಕೊಂಡು ಬರಲಿ ಎಂದರು. ಹಾಗೆ ತುಂಬುವಾಗ ಹೊಸ ಮಾಂಸ ಚರ್ಮದ ಮಟ್ಟ ದಾಟಿ ಕೆಂಪಗೆ ಉಬ್ಬಿತು. ಕುದುರೆಯ ಕಾಲಿನಲ್ಲಿ ಈ ದುರ್ಮಾಂಸ ತುಂಬಾ ಸಾಮಾನ್ಯ. ಅದು ಉಬ್ಬಿದ್ದರೆ ಅಂಚಿನ ಚರ್ಮ ಅದರ ಮೇಲೆ ಹತ್ತಿ ಮುಚ್ಚಿಕೊಳ್ಳಲಾರದು. ಪಶುವೈದ್ಯರು ಅದನ್ನು ಚರ್ಮದ ಮಟ್ಟಕ್ಕೆ ಸವರಿ ತೆಗೆದರು. ಅದರಲ್ಲಿ ನರಗಳಿಲ್ಲ, ಹಾಗಾಗಿ ನೋವಿಲ್ಲ. ರಕ್ತನಾಳಗಳು ಮಾತ್ರ ತುಂಬಿವೆ, ಹಾಗಾಗಿ ರಕ್ತ ಸಿಕ್ಕಾಪಟ್ಟೆ. ಕುದುರೆ ಹುಲ್ಲು ಮೆಲ್ಲುತ್ತಾ ನಿಂತಿತ್ತು. ಒಡತಿ ಗೋಡೆ ಹಿಡಿದುಕೊಂಡರು.

ಲಾಯದ ತಿಂಗಳುಗಳು

ಕುದುರೆಯನ್ನು ನಿಲ್ಲಿಸಿ ಇಡುವುದು ಅಂದರೆ ಅದರ ಹೊಟ್ಟೆಯನ್ನೂ ನಿಲ್ಲಿಸಿದ ಹಾಗೆ. ನಡೆದಾಡುತ್ತಾ ಸ್ವಲ್ಪ ಸ್ವಲ್ಪ ಮೇಯುವ ಪ್ರಾಣಿಯ ಕರುಳು ಓಡಾಟವಿಲ್ಲದಿದ್ದರೆ ಮಂದವಾಗುತ್ತದೆ. ಲದ್ದಿ ಕಟ್ಟಿಕೊಂಡು ಹೊಟ್ಟೆಶೂಲೆ ಬಂದರೆ ಮಂಡಿಯ ಗಾಯ ಎರಡನೇ ಮಾತಾಗುತ್ತದೆ. ಕಾಳು ನಿಲ್ಲಿಸಿದರು. ಒಣಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ನೇತುಹಾಕಿದರು, ತಿನ್ನಲು ಹೊತ್ತು ಹಿಡಿಯಲಿ ಅಂತ. ಲಾಯದ ಕೆಲಸದವರು ದಿನಾ ಲದ್ದಿ ಎಷ್ಟು ಸಲ ಬಿತ್ತು, ಎಷ್ಟು ಬಕೆಟ್ ನೀರು ಖಾಲಿಯಾಯಿತು ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನೀರು 25 ಲೀಟರಿಗಿಂತ ಕಡಿಮೆಯಾದ ದಿನ ಹುಲ್ಲನ್ನು ನೆನೆಸಿ ಕೊಟ್ಟರು. ಬಲಗಾಲಿನ ಗೊರಸು ಬಿಸಿಯಾಗಿದೆಯೇ ಎಂದು ಕೈಯಿಟ್ಟು ನೋಡುತ್ತಿದ್ದರು. ನೋಯುವ ಕಾಲಿನ ಭಾರವನ್ನೆಲ್ಲ ಇನ್ನೊಂದು ಕಾಲು ವಾರಗಟ್ಟಲೆ ಹೊತ್ತರೆ, ಆ ಒಳ್ಳೆಯ ಕಾಲಿನ ಗೊರಸಿನೊಳಗೇ ಉರಿಯೂತ ಶುರುವಾಗಬಹುದು.

ನೋವು ಎಷ್ಟಿದೆ ಅಂತ ಕುದುರೆ ಬಾಯಿಬಿಟ್ಟು ಹೇಳುವುದಿಲ್ಲ. ಮುಖ ಹೇಳುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಳತೆಪಟ್ಟಿ ಇದೆ. ಕಿವಿ ಬಿರುಸಾಗಿ ಹಿಂದಕ್ಕೆ ನಿಂತಿವೆಯೇ, ರೆಪ್ಪೆ ಬಿಗಿದು ಕಣ್ಣು ಕಿರಿದಾಗಿದೆಯೇ, ಕಣ್ಣಿನ ಮೇಲೆ ಗೆರೆ ಎದ್ದಿದೆಯೇ, ದವಡೆಯ ಸ್ನಾಯು ಗಟ್ಟಿಯಾಗಿದೆಯೇ, ತುಟಿ ಗಲ್ಲ ಬಿಗಿದಿವೆಯೇ, ಮೂಗಿನ ಹೊಳ್ಳೆ ಸೆಟೆದಿದೆಯೇ ಎಂದು ನೋಡುವುದು. ಒಡತಿ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮುಖದ ಫೋಟೋ ತೆಗೆದರು. ನೋವಿನ ಔಷಧಿ ಇಳಿಸುವಾಗ ಪಶುವೈದ್ಯರಿಗೆ ಈ ಫೋಟೋಗಳು ಬಹಳ ಕೆಲಸಕ್ಕೆ ಬಂದವು. ಆ ಔಷಧಿಗಳನ್ನು ತುಂಬಾ ದಿನ ಎಳೆದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಇನ್ನು ನಿದ್ದೆ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ದಬ್ಬೆ ಕಟ್ಟಿದ್ದಾಗ ಮಲಗದಂತೆ ಕಟ್ಟಿಹಾಕಿದ್ದರು. ಅದು ಬಿಚ್ಚಿದ ಮೇಲೂ ಸುಮಾರು ದಿನ ಮಲಗಲಿಲ್ಲ. ಪಕ್ಕದ ಅಂಕಣಕ್ಕೆ ಒಂದು ಮುದಿ ಗಂಡು ಕುದುರೆಯನ್ನು ತಂದು ಕಟ್ಟಿದ ಮೇಲೆ ಒಂದು ಬೆಳಿಗ್ಗೆ ಇದರ ಪಕ್ಕೆಗೆ ಹುಲ್ಲು ಅಂಟಿಕೊಂಡಿತ್ತು. ಕಾವಲಿಗೆ ಜೊತೆಗಾರ ಇದ್ದಾನೆ ಅನ್ನಿಸಿದಾಗ ಮಾತ್ರ ಮಲಗುವ ಪ್ರಾಣಿ ಇದು.

ಒಡತಿ

"ಬಿದ್ದ ಕೂಡಲೇ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಭಯ ಕೂತುಬಿಡುತ್ತೆ." ಕುದುರೆ ಸಾಕುವವರ ನಡುವೆ ಈ ಮಾತು ಎಲ್ಲೆಲ್ಲೂ ಕೇಳುತ್ತದೆ. ಮೆತ್ತನೆಯ ಮಣ್ಣಿನ ಮೇಲೆ ಜಾರಿ ಬಿದ್ದವರಿಗೆ ಸರಿ ಇರಬಹುದು. ತಲೆಗೆ ಏಟು ಬಿದ್ದವರಿಗೆ, ಕಣ್ಣೆದುರಿಗೇ ಕುದುರೆಯ ಮಂಡಿ ಸೀಳಿದ್ದನ್ನು ನೋಡಿದವರಿಗೆ ಈ ಮಾತು ಹೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇವರು ಭಯವಿದೆ ಅಂತ ಹೇಳಿಕೊಳ್ಳಲೇ ಇಲ್ಲ. ಪಟ್ಟಿ ಬದಲಿಸುವುದು, ಹುಲ್ಲು ನೆನೆಸುವುದು, ಫೋಟೋ ತೆಗೆಯುವುದು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಶುಶ್ರೂಷೆಯ ಹಿಂದೆ ಭಯ ಅಡಗಿ ಕೂತಿತ್ತು. ಬಸ್ಸಿನ ಬಾಗಿಲು ಬುಸ್ಸೆಂದು ತೆರೆದರೂ ಹೊಟ್ಟೆ ತೊಳಸಿದಂತಾಗುತ್ತದೆ, ರಾತ್ರಿ ಅದೇ ಚರಂಡಿ ಕನಸಿನಲ್ಲಿ ಬರುತ್ತದೆ ಎಂದು ಅವರು ಬಾಯಿಬಿಟ್ಟದ್ದು ಎರಡನೇ ತಿಂಗಳಿನಲ್ಲಿ. ಮೊದಲ ಕೆಲವು ವಾರ ಇಂಥದ್ದು ಯಾರಿಗಾದರೂ ಆಗುವುದೇ. ಒಂದು ತಿಂಗಳು ದಾಟಿಯೂ ಕಡಿಮೆಯಾಗದಿದ್ದರೆ ಗಟ್ಟಿ ಮನಸ್ಸು ಮಾಡು ಅನ್ನುವುದರಿಂದ ಪ್ರಯೋಜನವಿಲ್ಲ, ಮನಃಶಾಸ್ತ್ರಜ್ಞರ ಹತ್ತಿರ ಹೋಗಬೇಕು. ಇವರು ಹೋದರು. ಅಲ್ಲಿ ನಡೆದದ್ದು ಅವರ ಸ್ವಂತ ವಿಷಯ, ಇಲ್ಲಿ ಬರೆಯುವುದಿಲ್ಲ.

ಅದಕ್ಕೂ ಮೊದಲು, ಪಶುವೈದ್ಯರು ಕೈಯಲ್ಲಿ ಹಿಡಿದು ನಡೆಸಬಹುದು ಎಂದ ದಿನವೇ ಇವರು ಕೇಳಿದ್ದರು: "ರಸ್ತೆ ತನಕ ಕರ್ಕೊಂಡು ಹೋಗ್ಲಾ ಸಾರ್? ಒಂದ್ಸಲ ತೋರಿಸಿಬಿಟ್ರೆ ಆಯ್ತಲ್ವಾ?" ಬೇಡ ಅಂದೆ. ಮಂಡಿ ನಡೆಯಲು ತಯಾರಾಗಿತ್ತು. ತಲೆಗಳೆರಡೂ ತಯಾರಾಗಿರಲಿಲ್ಲ.

ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಹೇಳಬೇಕು. ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸುವವರಿಗೂ ಸವಾರಿ ಮಾಡುವವರಿಗೂ ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಿ ಎಂದರು. ನಾಲ್ಕನೇ ಸಲಕ್ಕೆ ಮುಂಚೆ, ಈಗ ಪಕ್ಕದಲ್ಲಿ ಒಂದು ಕೊಡೆ ಬಿಚ್ಚಿಕೊಳ್ಳುತ್ತದೆ ಎಂದು ಮನುಷ್ಯರಿಗೆ ತಿಳಿಸಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು. ಕೊಡೆಯ ಸುದ್ದಿ ಕುದುರೆಗಳಿಗೆ ಯಾರೂ ಹೇಳಿರಲಿಲ್ಲ! ಹೆದರಿದ ಸವಾರರು ಏನು ಮಾಡುತ್ತಾರೆ ನೋಡಿ: ಉಸಿರು ಬಿಗಿಹಿಡಿಯುತ್ತಾರೆ, ಲಗಾಮು ಗಿಡ್ಡ ಮಾಡುತ್ತಾರೆ, ಮುಂದಕ್ಕೆ ಬಾಗುತ್ತಾರೆ, ಹೆದರಿಸುವ ವಸ್ತುವನ್ನೇ ದಿಟ್ಟಿಸುತ್ತಾರೆ. ಬೆನ್ನ ಮೇಲೆ ಕೂತವರು ಬಿಗಿದುಕೊಂಡರೆ ಅಲ್ಲೇನೋ ಇದೆ ಎಂದು ಕುದುರೆ ತಿಳಿಯುತ್ತದೆ.

ಅದಕ್ಕೆ ಇಬ್ಬರನ್ನೂ ಬೇರೆ ಮಾಡಿದೆವು. ತಲೆಯ ವೈದ್ಯರು ಒಪ್ಪಿದ ಮೇಲೆ ಒಡತಿ ಬೇಲಿ ಹಾಕಿದ ಅಂಗಳದಲ್ಲಿ ಇನ್ನೊಂದು ಸಮಾಧಾನದ ಕುದುರೆ ಹತ್ತಿದರು. ಅಭ್ಯಾಸ ತೀರಾ ಸಾದಾ. ಉಸಿರು ಉದ್ದಕ್ಕೆ ಹೊರಗೆ ಬಿಡುವುದು, ಬೆರಳು ಸಡಿಲಿಸುವುದು, ಹೋಗಬೇಕಾದ ಕಡೆ ನೋಡುವುದು, ಮಾತಾಡುತ್ತಲೇ ಇರುವುದು. ಮಾತಾಡುವವರು ಉಸಿರು ಕಟ್ಟಲಾರರು.

ಕುದುರೆಯ ದಿಗಿಲು

ಅವಳಿಗೆ ಲಾರಿ ಕಂಡರೆ ಭಯ ಅಂತ ಎಲ್ಲರೂ ಹೇಳುತ್ತಿದ್ದರು. ಲಾಯದ ಕೆಲಸದವರಿಗೆ ಅನುಮಾನ ಇತ್ತು. ಗಾಯಕ್ಕೆ ನೊಣ ಕೂರದಂತೆ ಔಷಧಿ ಸ್ಪ್ರೇ ಮಾಡಲು ಹೋದಾಗ ಕುದುರೆ ಗೋಡೆಗೆ ಅಪ್ಪಳಿಸುವಂತೆ ಹಾರಿತ್ತು. ಅಪಘಾತಕ್ಕೆ ಮುಂಚೆ ಅದೇ ಸ್ಪ್ರೇಗೆ ಕಿವಿಯನ್ನೂ ಆಡಿಸುತ್ತಿರಲಿಲ್ಲವಂತೆ. ಈ ಸಣ್ಣ ಸಂಗತಿಯೇ ದಾರಿ ತೋರಿಸಿತು.

ಬೇಲಿಯೊಳಗೆ ಒಂದೊಂದನ್ನೇ ಬಿಡಿಸಿ ನೋಡಿದೆವು. ನಿಂತ ಲಾರಿ: ಮೂಸಿ ನೋಡಿ ಸುಮ್ಮನಾಯಿತು. ದೂರದಲ್ಲಿ ಇಂಜಿನ್ನಿನ ಸದ್ದು: ಕಿವಿ ತಿರುಗಿಸಿತು, ಮೆಲ್ಲುವುದು ನಿಲ್ಲಿಸಲಿಲ್ಲ. ಪಟಪಟಿಸುವ ಟಾರ್ಪಾಲು: ತಲೆ ಎತ್ತಿ, ಮೂಗು ಅರಳಿಸಿ ಹಿಂದೆ ಸರಿಯಿತು. ಗಾಳಿ ಬುಸ್ಸೆನ್ನುವ ಸದ್ದು: ಜಿಗಿತ. ಅಂದರೆ ದಿಗಿಲು ಕೂತದ್ದು ಲಾರಿಯ ಮೇಲಲ್ಲ, ಆ ಬುಸ್ಸೆನ್ನುವ ಸದ್ದಿನ ಮೇಲೆ. ಅದರ ಜೊತೆಗೆ ಟಾರ್ಪಾಲು, ಅದೂ ಲಾರಿ ಹಾದುಹೋದ ಬದಿಯಿಂದ ಬಂದಾಗ ಜಾಸ್ತಿ. ಎಲ್ಲರ ಮಾತು ಕೇಳಿ ದಿನಾ ಲಾರಿಯ ಮುಂದೆ ನಿಲ್ಲಿಸಿದ್ದರೆ ವರ್ಷ ಕಳೆದರೂ ನಿಜವಾದ ಕಾರಣ ಮುಟ್ಟುತ್ತಿರಲಿಲ್ಲ.

"ರಸ್ತೆ ಪಕ್ಕ ಒಂದು ಕಂಬಕ್ಕೆ ಕಟ್ಟಿಹಾಕಿ, ನಾಲ್ಕು ದಿನದಲ್ಲಿ ತಾನೇ ಸರಿಹೋಗ್ತಾಳೆ" ಅಂದವರೂ ಇದ್ದರು. ಹಾಗೆ ಕಟ್ಟಿದ ಕುದುರೆ ಕೆಲವೊಮ್ಮೆ ಕಲ್ಲಿನಂತೆ ನಿಂತುಬಿಡುತ್ತದೆ. ನೋಡಿದವರು ಅಭ್ಯಾಸವಾಯಿತು ಅಂದುಕೊಳ್ಳುತ್ತಾರೆ. ಅದು ಸಮಾಧಾನ ಅಲ್ಲ, ದಾರಿ ಕಾಣದೆ ಮರಗಟ್ಟಿದ್ದು. ಹೊಸ ಚರ್ಮದ ಮಂಡಿ ಇಟ್ಟುಕೊಂಡು ಹಗ್ಗ ಜಗ್ಗಿ ಬಿದ್ದರೆ ಗತಿ ಏನು ಎಂಬುದೂ ಇತ್ತು.

ನಾವು ಮಾಡಿದ್ದು ಬೇಸರ ಬರುವಷ್ಟು ನಿಧಾನದ ಕೆಲಸ. ಅಂಗಳದ ಆ ತುದಿಯಲ್ಲಿ ಒಬ್ಬರು ಸೈಕಲ್ ಪಂಪನ್ನು ಒಮ್ಮೆ ಒತ್ತುವುದು. ಅಷ್ಟು ದೂರದಿಂದ ಸದ್ದು ಕೇಳಿಯೂ ಕೇಳದ ಹಾಗೆ. ಕುದುರೆಯ ಒಂದು ಕಿವಿ ಆ ಕಡೆ ತಿರುಗಿದ ಕೂಡಲೇ ಒಡತಿ ಒಂದು ಹಿಡಿ ತಿನಿಸು ಕೊಡುವುದು. ಇಲ್ಲಿ ಕ್ರಮ ಮುಖ್ಯ. ಮೊದಲು ಸದ್ದು, ಆಮೇಲೆ ತಿನಿಸು. ತಿರುಗುಮುರುಗಾದರೆ ತಿನಿಸಿನ ಬಕೆಟ್ಟೇ ಅಪಾಯದ ಗಂಟೆಯಾಗಿಬಿಡುತ್ತದೆ, ಬಕೆಟ್ ಕಂಡರೆ ಕುದುರೆ ಸೆಟೆದುಕೊಳ್ಳುತ್ತದೆ. ತಿನಿಸಿನ ನಡುವೆ ಹೆಗಲಿನ ಮೇಲೆ, ಕತ್ತಿನ ಬುಡದಲ್ಲಿ ಕೆರೆಯುವುದು. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಎಂದು 1993ರ ಒಂದು ಅಧ್ಯಯನ ತೋರಿಸಿದೆ. ಕುದುರೆ ಮೆಲ್ಲುವುದು ನಿಲ್ಲಿಸಿದರೆ ಅಂದಿಗೆ ನಾವು ಹತ್ತಿರ ಹೋಗುತ್ತಿರಲಿಲ್ಲ. ತಲೆ ಎತ್ತಿದರೆ ದೂರ ಹೋಗುತ್ತಿದ್ದೆವು. ಜಿಗಿಯುವ ತನಕ ಬಿಡಲೇಬಾರದು. ಪ್ರತಿ ಜಿಗಿತವೂ ಓಡಿದ್ದರಿಂದ ಬದುಕಿದೆ ಎಂಬ ಪಾಠವನ್ನೇ ಮತ್ತೆ ಕಲಿಸುತ್ತದೆ.

ಟಾರ್ಪಾಲಿಗೆ ಬೇರೆ ಉಪಾಯ. ನಾನು ಅದನ್ನು ನೆಲದ ಮೇಲೆ ಎಳೆದುಕೊಂಡು ಮುಂದೆ ಹೋಗುತ್ತಿದ್ದೆ, ಕುದುರೆ ಹಿಂದೆ ಬರುತ್ತಿತ್ತು. ತನ್ನಿಂದ ದೂರ ಹೋಗುವ ವಸ್ತು ಅಟ್ಟಿಸಿಕೊಂಡು ಬರುವುದಿಲ್ಲ, ಅಲ್ವಾ? ಕೆಲವು ದಿನದಲ್ಲಿ ಅದೇ ಟಾರ್ಪಾಲನ್ನು ಮೂಸಲು ಬಂತು, ಆಮೇಲೆ ಕಾಲಿನಿಂದ ಕೆದಕಿತು. ಆಗ ಪಕ್ಕಕ್ಕೆ, ಕೊನೆಗೆ ಹಿಂದಿನಿಂದ. ಎರಡೂ ಬದಿಗೆ ಬೇರೆ ಬೇರೆಯಾಗಿ, ಶುರುವಿನಿಂದ. ಒಂದು ಬದಿಯಲ್ಲಿ ಒಪ್ಪಿಕೊಂಡದ್ದನ್ನು ಇನ್ನೊಂದು ಬದಿಯಲ್ಲೂ ಒಪ್ಪಿಕೊಳ್ಳುತ್ತದೆ ಅಂತ ನಂಬಿ ಕೂರಬಾರದು.

ಮಧ್ಯೆ ಒಂದು ಗಾಳಿಯ ದಿನ ಬೇಲಿಗೆ ಕಟ್ಟಿದ್ದ ಬಟ್ಟೆ ಹರಿದು ಹಾರಿತು. ಕುದುರೆ ಓಡಿತು. ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ಒಡತಿ ಕೂತುಬಿಟ್ಟರು. ಹಾಗಲ್ಲ. ಹಳೆಯ ದಿಗಿಲು ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಅನುಭವ ಕೂರುತ್ತದೆ ಅಷ್ಟೇ. ಜಾಗ ಬದಲಾದರೆ, ಗಾಳಿ ಎದ್ದರೆ, ಕೆಲವು ದಿನ ಬಿಟ್ಟರೆ ಹಳೆಯದು ತಲೆ ಎತ್ತುತ್ತದೆ. ಎರಡು ಹೆಜ್ಜೆ ಹಿಂದಿನಿಂದ ಶುರು ಮಾಡಿದೆವು. ಈ ಸಲ ಬೇಗ ಬಂತು.

ದಿಗಿಲು ಅಲ್ಲದ್ದು

ಐದನೇ ತಿಂಗಳು. ಕಡೆಗೂ ಒಡತಿ ತಮ್ಮ ಕುದುರೆಯನ್ನೇ ಹತ್ತಿದರು, ಅಂಗಳದೊಳಗೆ. ನೇರಕ್ಕೆ ಚೆನ್ನಾಗಿ ನಡೆಯಿತು. ಎಡಕ್ಕೆ ತಿರುಗುವಾಗ ಒಂದು ಮೂಲೆಯಲ್ಲಿ ಪಕ್ಕಕ್ಕೆ ಎಗರಿತು. ಅಲ್ಲೊಂದು ಕುರ್ಚಿ ಇತ್ತು. ಮಾರನೆಯ ದಿನವೂ ಹಾಗೇ. ಕುರ್ಚಿ ನೋಡಿ ಬೆಚ್ಚುತ್ತಿದ್ದಾಳೆ, ಅಪಘಾತದ ಪರಿಣಾಮ ಅಂತ ಎಲ್ಲರೂ ಒಪ್ಪಿಬಿಟ್ಟರು.

ನಾನು ಕುರ್ಚಿ ತೆಗೆಸಿದೆ. ಆದರೂ ಎಗರಿತು. ಸವಾರಿ ಇಲ್ಲದೆ, ಜೀನು ಇಲ್ಲದೆ ಅದೇ ಮೂಲೆಯಲ್ಲಿ ನಡೆಸಿದೆ. ಏನೂ ಇಲ್ಲ. ಜೀನು ಮಾತ್ರ ಹಾಕಿ ಅದರ ಹೊಟ್ಟೆಪಟ್ಟಿ ಬಿಗಿದಾಗ ಕಿವಿ ಹಿಂದಕ್ಕೆ ಹೋಯಿತು, ಬಾಲ ಬಡಿಯಿತು. ವಿಷಯ ಅಲ್ಲಿತ್ತು. ತಿಂಗಳುಗಟ್ಟಲೆ ನಿಂತಿದ್ದರಿಂದ ಬೆನ್ನಿನ ಮಾಂಸ ಕರಗಿತ್ತು. ಮೊದಲು ಹೇಳಿ ಮಾಡಿಸಿದಂತಿದ್ದ ಜೀನು ಈಗ ಮುಂದಕ್ಕೆ ಕುಸಿದು ಹೆಗಲಿನ ಎರಡೂ ಪಕ್ಕ ಒತ್ತುತ್ತಿತ್ತು. ಎಡ ತಿರುವಿನಲ್ಲಿ ಆ ಒತ್ತಡ ಜಾಸ್ತಿ. ಜೀನು ಕೂರಿಸುವವರು ಬಂದು ಒಳಮೆತ್ತೆ ಸರಿಪಡಿಸಿದರು. ಪಶುವೈದ್ಯರು ಮಂಡಿಯನ್ನೂ ಪರೀಕ್ಷಿಸಿ, ಅದು ಪೂರ್ತಿ ಮಡಚುತ್ತಿಲ್ಲ, ದಿನಾ ಕೈಯಿಂದ ಮೆಲ್ಲಗೆ ಮಡಚಿಸಿ ಎಂದರು. ಎಗರುವುದು ನಿಂತಿತು.

ಒಂದು ದೊಡ್ಡ ಕಾರಣ ಕಣ್ಣೆದುರಿಗೆ ಇದ್ದಾಗ ಎಲ್ಲವನ್ನೂ ಅದರ ತಲೆಗೇ ಕಟ್ಟುವುದು ಸುಲಭ. ಬೆಚ್ಚುವ ಕುದುರೆ ಸಿಕ್ಕಿದರೆ ನಾನು ಈಗಲೂ ಮೊದಲು ಬೆನ್ನು, ಬಾಯಿ, ಗೊರಸು ನೋಡುತ್ತೇನೆ. ಮನಸ್ಸಿನ ಮಾತು ಆಮೇಲೆ.

ಮತ್ತೆ ರಸ್ತೆ

ಮೊದಲು ವಾಹನ ತೀರಾ ಕಡಿಮೆ ಇರುವ ಹೊತ್ತಿನಲ್ಲಿ, ಬೇರೊಂದು ದಾರಿಯಲ್ಲಿ, ಕೈಯಲ್ಲಿ ಹಿಡಿದು. ಪಕ್ಕದ ಅಂಕಣದ ಆ ಮುದಿ ಕುದುರೆ ರಸ್ತೆಯ ಕಡೆ, ಇದು ಒಳಗಡೆ. ಎಲ್ಲರಿಗೂ ದೂರಕ್ಕೆ ಹೊಳೆಯುವ ಅಂಗಿ. ಪರಿಚಯದ ಚಾಲಕರೊಬ್ಬರು ಲಾರಿ ತಂದರು. ಮೊದಲು ನಿಲ್ಲಿಸಿಕೊಂಡರು, ಆಮೇಲೆ ನಿಧಾನಕ್ಕೆ ಹಾದುಹೋದರು. ಅವರಿಗೆ ಕೇಳಿಕೊಂಡದ್ದು ಒಂದೇ: ವೇಗವನ್ನು ದೂರದಲ್ಲೇ ಇಳಿಸಿಕೊಳ್ಳಿ, ಪಕ್ಕಕ್ಕೆ ಬಂದಾಗ ಬ್ರೇಕ್ ಮುಟ್ಟಬೇಡಿ. 2022ರಲ್ಲಿ ಪರಿಷ್ಕರಿಸಿದ ಬ್ರಿಟನ್ನಿನ ರಸ್ತೆ ನಿಯಮಾವಳಿಯಲ್ಲಿ ಕುದುರೆಯನ್ನು ದಾಟುವಾಗ ವೇಗ ಗಂಟೆಗೆ 10 ಮೈಲಿಗಿಂತ ಕಡಿಮೆ ಇರಬೇಕು, ಕನಿಷ್ಠ 2 ಮೀಟರ್ ಅಂತರ ಬಿಡಬೇಕು ಅಂತ ಇದೆ. 10 ಮೈಲಿ ಅಂದರೆ ಸುಮಾರು 16 ಕಿಲೋಮೀಟರ್. ಅಂಥ ನಿಯಮ ಇಲ್ಲದ ಕಡೆಯೂ ಚಾಲಕರಿಗೆ ಹೇಳಲು ಇದು ಒಳ್ಳೆಯ ಅಳತೆ.

ಒಡತಿ ತಮಗೆ ತಾವೇ ಒಂದು ನಿಯಮ ಮಾಡಿಕೊಂಡರು. ಅನುಮಾನ ಬಂದರೆ ಇಳಿದು ನಡೆಯುವುದು. ಇದನ್ನು ಸೋಲು ಅಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆದರೆ ಇಳಿಯುವುದಾದರೆ ಕುದುರೆ ಇನ್ನೂ ನಮ್ಮ ಮಾತು ಕೇಳುತ್ತಿರುವಾಗಲೇ ಇಳಿಯಬೇಕು. ಕುಣಿಯಲು ಶುರುವಾದ ಮೇಲೆ ಒಂದು ಕಾಲು ರಿಕಾಪಿನಲ್ಲಿ, ಇನ್ನೊಂದು ಗಾಳಿಯಲ್ಲಿ ಇರುವುದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ.

ಲಾಳ ಕಟ್ಟುವವರು ಮುಂಗಾಲಿನ ಲಾಳಗಳಿಗೆ ಜಾರದಂತೆ ಸಣ್ಣ ಗಟ್ಟಿ ಮೊಳೆ ಕೂರಿಸಿದರು. ದೊಡ್ಡದು ಬೇಡ ಅಂದರು. ಗೊರಸು ನೆಲಕ್ಕೆ ತೀರಾ ಕಚ್ಚಿಕೊಂಡರೆ ಅದರ ಜಗ್ಗು ಕಾಲಿನ ಕೀಲಿಗೆ ಹೋಗುತ್ತದಂತೆ.

ಈಗಿನ ಸ್ಥಿತಿ ಹೀಗಿದೆ. ಎಡ ಮಂಡಿ ಬಲದ್ದಕ್ಕಿಂತ ದಪ್ಪ, ಮುಂಭಾಗದಲ್ಲಿ ಕೂದಲಿಲ್ಲದ ಕಲೆ. ಗಟ್ಟಿ ನೆಲದ ಮೇಲೆ ನಡೆಸಿದರೂ ಓಡಿಸಿದರೂ ಕುಂಟು ಇಲ್ಲ. ಬೇಲಿ ಹಾರಿಸುವುದು ಬೇಡ ಎಂದು ಪಶುವೈದ್ಯರು ಹೇಳಿದ್ದಾರೆ, ಒಡತಿಗೂ ಅದರ ಆಸೆ ಇರಲಿಲ್ಲ. ಬುಸ್ಸೆನ್ನುವ ಸದ್ದಿಗೆ ಕುದುರೆ ಒಂದು ಕ್ಷಣ ನಿಂತು, ಕಿವಿ ತಿರುಗಿಸಿ, ಮುಂದೆ ಹೋಗುತ್ತದೆ. ಹಿಂದಿನಿಂದ ಬರುವ ಟಾರ್ಪಾಲಿನ ಸದ್ದು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಆ ಕೆಲಸ ಅಂಗಳದಲ್ಲಿ ನಡೆದಿದೆ. ಅಪಘಾತವಾದ ರಸ್ತೆಗೆ ಇಬ್ಬರೂ ಹೋಗುವುದಿಲ್ಲ. ಅಲ್ಲಿ ಲಾರಿಗಳ ಓಡಾಟ ಜಾಸ್ತಿಯಾಗಿದೆ, ಚರಂಡಿ ಹಾಗೇ ಇದೆ. ಸವಾರಿ ಈಗ ಇನ್ನೊಂದು ಕಡೆಯ ಮಣ್ಣಿನ ದಾರಿಯಲ್ಲಿ. ಅಲ್ಲಿಗೆ ಹೋಗಲು ಒಂದು ಕಡೆ ಡಾಂಬರು ರಸ್ತೆ ದಾಟಬೇಕು, ಅದನ್ನು ಒಡತಿ ಇಳಿದು ಕೈಯಲ್ಲಿ ಹಿಡಿದೇ ದಾಟಿಸುತ್ತಾರೆ.